ಮೆಣಸಿನ ರುಚಿಯ ರಚ್ಚೆಮರ

ಕಲಬುರಗಿ ಜಿಲ್ಲೆಯ ಸನ್ನತಿಯ ಪಕ್ಕದ ಕನಗನಹಳ್ಳಿ ಸ್ತೂಪದಲ್ಲಿ ರಾಣಿಯೊಡನೆ ನಿಂತ ಅರಸನ ಶಿಲ್ಪವೊಂದಿದೆ. ಅದು ಅಶೋಕನೇ ಎಂದು ನಾವು ಧೈರ್ಯವಾಗಿ ಹೇಳುವುದು ಮುಖ ನೋಡಿ ಅಲ್ಲ, ಆ ಕಲ್ಲಿನ ಮೇಲೆಯೇ ಬ್ರಾಹ್ಮಿಯಲ್ಲಿ ಅವನ ಹೆಸರು ಕೊರೆದಿರುವುದರಿಂದ. ಗಿಡಮರಗಳ ಶಾಸ್ತ್ರೀಯ ಹೆಸರಿಗೂ ಇಂಥದೇ ಆಸರೆ ಬೇಕು. ಒಣಗಿಸಿಟ್ಟ ರೆಂಬೆಯೋ, ನಂಬಬಹುದಾದ ಚಿತ್ರವೋ ಇದ್ದರೆ ಮಾತ್ರ ಹೆಸರು ಯಾವ ಮರದ್ದೆಂಬುದು ನಿಶ್ಚಯವಾಗುತ್ತದೆ.

ಅಂಥ ಒಂದು ಹೆಸರಿನ ಕಥೆ ಇದು. ಕರಿಮೆಣಸು ಬಳ್ಳಿಯಲ್ಲಿ ಬಿಡುತ್ತದೆ, ನಿಮಗೆ ಗೊತ್ತು. ಮೆಣಸಿನ ರುಚಿಯ ಬೀಜ ಕೊಡುವ ಮರವೂ ಒಂದಿದೆ. ಕರಾವಳಿ, ಮಲೆನಾಡಿನವರು ಅದನ್ನು ಜುಮ್ಮನಕಾಯಿ ಮರ ಎನ್ನುತ್ತಾರೆ. ಕೊಂಕಣಿಯವರಿಗೆ ಅದು ತೆಪ್ಪಲ್, ತಿರ್ಫಳ. ಕಾಂಡದ ತುಂಬ ದಪ್ಪ ಬುಡದ ಮುಳ್ಳುಗಳು. ಒಣಗಿ ಬಿರಿದ ಕಾಯಿಯ ಸಿಪ್ಪೆಯನ್ನು ಬಂಗುಡೆ ಸಾರಿಗೆ ಹಾಕಿದರೆ ನಾಲಿಗೆ ಜುಮ್ಮೆನ್ನುತ್ತದೆ. ಕರಿಮೆಣಸಿಗೂ ಇದಕ್ಕೂ ನಂಟಿಲ್ಲ. ಇದು ನಿಂಬೆ, ಬಿಲ್ವ, ಬೇಲ, ಕರಿಬೇವುಗಳ ಕುಟುಂಬದ್ದು. ಚೀನಾದ ಸಿಚುವಾನ್ ಮೆಣಸು ಇದರ ಹತ್ತಿರದ ಬಳಗ.

ಶಾಸ್ತ್ರದಲ್ಲಿ ಇದರ ಹೆಸರು ಝಾಂಥೋಕ್ಸೈಲಮ್ ರೆಟ್ಸಾ. ಮೊದಲ ಪದ ಗ್ರೀಕ್ ಮೂಲದ್ದು, ಹಳದಿ ಕಟ್ಟಿಗೆ ಎಂದು ಅರ್ಥ. ಅದು ಸಸ್ಯಶಾಸ್ತ್ರಜ್ಞ ಲಿನೇಯಸ್ ಕೊಟ್ಟದ್ದು. ನನ್ನ ಮನಸ್ಸು ಹಿಡಿದಿರುವುದು ಎರಡನೆಯ ಪದ. 1780ರ ದಶಕದಲ್ಲಿ ಆಂಧ್ರದ ಸಾಮರ್ಲಕೋಟೆಯಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ವಿಲಿಯಂ ರಾಕ್ಸ್‌ಬರ್ಗ್, ತೆಲುಗು ಜನ ಇದನ್ನು ರಚ್ಚಮಾನು ಎನ್ನುವುದನ್ನು ಕೇಳಿ ಬರೆದುಕೊಂಡರು. ಗುಡ್ಡದ ಜನ ಇದರ ನೆರಳಲ್ಲಿ ಕೂಡಿ ಊರಿನ ವ್ಯವಹಾರ ತೀರ್ಮಾನಿಸುತ್ತಾರೆ, ಅದಕ್ಕೇ ಈ ಹೆಸರು ಎಂದು ವಿವರಿಸಿದರು. ರಚ್ಚ ಎಂದರೆ ಜನ ಕೂಡುವ ಜಾಗ, ಮಾನು ಎಂದರೆ ಮರ. ಮಾಗಿದ ಬೀಜ ಥೇಟ್ ಕರಿಮೆಣಸಿನ ರುಚಿ, ಖಾರ ಮಾತ್ರ ಕಡಿಮೆ ಎಂದೂ ದಾಖಲಿಸಿದರು. 1815ರಲ್ಲಿ ಅವರು ತೀರಿಕೊಂಡ ಮೇಲೆ, 1820ರಲ್ಲಿ ಅವರ ಸಸ್ಯಗ್ರಂಥವನ್ನು ಸೆರಾಂಪುರದ ಮಿಷನರಿ ವಿಲಿಯಂ ಕೇರಿ ಅಚ್ಚುಹಾಕಿಸಿದರು. ಅದರಲ್ಲಿ ರಚ್ಚ ಎಂಬುದು ರೆಟ್ಸಾ ಆಗಿ, ಮರದ ಹೆಸರು ಫಗಾರಾ ರೆಟ್ಸಾ. 1824ರಲ್ಲಿ ಸಸ್ಯಶಾಸ್ತ್ರಜ್ಞ ಕ್ಯಾಂಡೋಲ್ ಅದನ್ನು ಝಾಂಥೋಕ್ಸೈಲಮ್ ಕುಲಕ್ಕೆ ಸೇರಿಸಿದರು. ಕುಲನಾಮ ಬದಲಾಯಿತು, ರಚ್ಚೆ ಉಳಿಯಿತು. ನಿಯಮವೇ ಹಾಗೆ: ಕುಲ ಬದಲಿಸಿದರೂ ಮೊದಲು ಕೊಟ್ಟ ಜಾತಿಯ ಪದವನ್ನು ಸಾಮಾನ್ಯವಾಗಿ ಕೈಬಿಡುವಂತಿಲ್ಲ.

ರಚ್ಚೆ ಕನ್ನಡಕ್ಕೂ ಹಳೆಯ ಮಾತು. ಸೇಡಂ, ಚಿಂಚೋಳಿಯ ಗಡಿ ಹಳ್ಳಿಗಳಲ್ಲಿ ಊರಕಟ್ಟೆಯನ್ನು ರಚ್ಚಬಂಡ ಎಂದರೆ ಯಾರೂ ಅರ್ಥ ಕೇಳುವುದಿಲ್ಲ. ತೆಲುಗು ಜನರ ಆಡುಮಾತು ಇಂದು ಜಗತ್ತಿನ ಸಸ್ಯಾಲಯಗಳಲ್ಲಿ ನಿಂತಿದೆ. ಇದು ಸಣ್ಣ ಗೌರವವಲ್ಲ.

ಕೊಂಚಾವರಂ ಕಾಡಿನ ಅಂಚಿನ ತಾಂಡಾಗಳಲ್ಲಿ, ಭೀಮೆಯ ದಡದ ಊರುಗಳಲ್ಲಿ ಗಿಡಗಳ ಹೆಸರು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವರನ್ನು ಕೇಳಿ ಬರೆದಿಡಿ. ಬರಿ ಹೆಸರು ಸಾಲದು. ಎಲೆ, ಹೂವು ಇರುವ ಒಂದು ರೆಂಬೆಯನ್ನು ಕಾಗದದ ನಡುವೆ ಒಣಗಿಸಿ, ಊರು, ತಿಂಗಳು, ಹೇಳಿದವರ ಹೆಸರು ಬರೆದು ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ಮುಟ್ಟಿಸಿ.