ಗುಣಿಸುವ ಮೊದಲು ಕಳೆಯಿರಿ



ಸೌದಿಯಿಂದ ನೌಕರಿಯ ಪತ್ರ ಬಂದ ಕೂಡಲೇ ನಮ್ಮ ಮನೆಗಳಲ್ಲಿ ಮಾಡುವ ಮೊದಲ ಕೆಲಸ ರಿಯಾಲನ್ನು ರೂಪಾಯಿಗೆ ಗುಣಿಸುವುದು. ಗುಣಾಕಾರ ಸರಿಯೇ. ಆದರೆ ಸಂಸಾರ ಕರೆದೊಯ್ಯುವ ಯೋಚನೆಯಿದ್ದರೆ ಮೊದಲು ವ್ಯವಕಲನ ಮಾಡಿ.

2017ರ ಜುಲೈಯಲ್ಲಿ ಅಲ್ಲಿನ ಸರಕಾರ ವಿದೇಶಿ ನೌಕರರ ಅವಲಂಬಿತರಿಗೆ ತಲಾ ತಿಂಗಳಿಗೆ 100 ರಿಯಾಲ್ ಶುಲ್ಕ ವಿಧಿಸಿತು. ವರ್ಷವರ್ಷವೂ ನೂರರಂತೆ ಏರಿ 2020ರಲ್ಲಿ ಅದು 400 ಆಯಿತು. ಹೆಂಡತಿ ಮತ್ತು ಇಬ್ಬರು ಮಕ್ಕಳೆಂದರೆ ತಿಂಗಳಿಗೆ 1,200, ವರ್ಷಕ್ಕೆ 14,400 ರಿಯಾಲ್. ಅದೂ ಇಕಾಮಾ ನವೀಕರಿಸುವಾಗ ಮುಂಗಡವಾಗಿ! ಆದಾಯ ತೆರಿಗೆಯಿಲ್ಲದ ದೇಶವೆಂದು ಹಿಗ್ಗುವವರು ಇದಕ್ಕೆ ಏನು ಹೆಸರಿಡುತ್ತಾರೋ ಕಾಣೆ. ಆ ವರ್ಷಗಳಲ್ಲಿ ಎಷ್ಟೋ ಮಂದಿ ಸಂಸಾರವನ್ನು ಊರಿಗೆ ಕಳುಹಿಸಿದರು. ಕನ್ನಡ ಅಕ್ಷರವೇ ತಿಳಿಯದೆ ದೊಡ್ಡ ತರಗತಿಗೆ ಬಂದು ಕೂರುವ ಮಗುವಿನ ಕಷ್ಟ ಶಿಕ್ಷಕರಾದ ನಮಗೆ ಗೊತ್ತು.

ದಿನಬಳಕೆಯ ಖರ್ಚೂ ಹಾಗೆಯೇ. 2018ರಲ್ಲಿ ಶೇ. 5ರಿಂದ ಆರಂಭವಾದ ಮೌಲ್ಯವರ್ಧಿತ ತೆರಿಗೆ 2020ರ ಜುಲೈಯಲ್ಲಿ ಶೇ. 15ಕ್ಕೆ ಏರಿತು. ಅಕ್ಕಿ, ಬಟ್ಟೆ, ಫೋನ್ ಬಿಲ್ಲು, ಎಲ್ಲದಕ್ಕೂ ಅದನ್ನು ಸೇರಿಸಿಕೊಳ್ಳಿ.

ಸಹಿ ಹಾಕುವ ಮುನ್ನ ಕೇಳಿ: ಬಾಡಿಗೆ ಯಾರದು? ಅವಲಂಬಿತರ ಶುಲ್ಕ ಯಾರು ಕಟ್ಟುತ್ತಾರೆ? ಮಕ್ಕಳ ಫೀಸಿಗೆ ಭತ್ಯೆಯುಂಟೇ? ಉತ್ತರವನ್ನು ಬಾಯಿಮಾತಿನಲ್ಲಲ್ಲ, ಕರಾರಿನಲ್ಲೇ ಬರೆಸಿಕೊಳ್ಳಿ. ಇನ್ನೊಂದು ಮಾತು. ನೌಕರನ ಸ್ವಂತ ಇಕಾಮಾದ ಖರ್ಚನ್ನು ಅಲ್ಲಿನ ಕಾರ್ಮಿಕ ಕಾನೂನಿನ 40ನೇ ವಿಧಿ ಮಾಲೀಕನ ಮೇಲೆಯೇ ಹೊರಿಸಿದೆ. ಯಾವ ಏಜೆಂಟನಾದರೂ ಅದಕ್ಕೆಂದು ನಿಮ್ಮಲ್ಲಿ ಹಣ ಕೇಳಿದರೆ ಕೊಡಬೇಡಿ.