ನಡುರಾತ್ರಿಯಲ್ಲಿ ಕೂಗುವ ಕಾರು

ತಮ್ಮ ಬೀದಿಯಲ್ಲಿಯೂ ಇಂಥದೊಂದು ಕಾರು ಇದ್ದೀತು. ಹಗಲೆಲ್ಲ ಸಾಧುವಾಗಿ ನಿಂತಿರುತ್ತದೆ. ರಾತ್ರಿ ಎರಡು ಗಂಟೆಯ ಹೊತ್ತಿಗೆ ಒಮ್ಮೆಲೇ ಅರಚಲು ತೊಡಗುತ್ತದೆ. ಕಳ್ಳನೂ ಇಲ್ಲ, ಕಾಕನೂ ಇಲ್ಲ. ನಾಯಿಗಳು ಬೊಗಳುತ್ತವೆ, ಮಕ್ಕಳು ಅಳುತ್ತವೆ, ಕಾರಿನ ಒಡೆಯ ಪಂಚೆ ಸರಿಪಡಿಸಿಕೊಳ್ಳುತ್ತ ಓಡಿಬರುತ್ತಾನೆ. ಆ ಒಡೆಯ ಬೇರೆ ಯಾರೂ ಅಲ್ಲ. ಈಗ ತಮ್ಮೊಡನೆ ಮಾತನಾಡುತ್ತಿರುವ ನಾನೇ.

ನನ್ನದು ಹಳೆಯ ಮಾರುತಿ 800. 1983ರಲ್ಲಿ ಮೊದಲು ರಸ್ತೆಗಿಳಿದು, 2014ರಲ್ಲಿ ತಯಾರಿಕೆ ನಿಂತುಹೋದ ಆ ಪುಟ್ಟ ಕಾರನ್ನು ತಾವೆಲ್ಲರೂ ಬಲ್ಲಿರಿ. ನನ್ನ ಕಾರಿಗೆ ಅಲಾರಂ ಹುಟ್ಟಿನಿಂದ ಬಂದುದಲ್ಲ. ಆಮೇಲೆ ಒಂದು ಅಂಗಡಿಯಲ್ಲಿ ಹಾಕಿಸಿದ್ದು. ಹಲವು ವರ್ಷ ಅದು ಬಾಯಿಬಿಡಲಿಲ್ಲ. ಒಂದು ಮಳೆಗಾಲ ಕಳೆದ ಮೇಲೆ ಬಾಯಿಬಿಟ್ಟಿತು, ಮುಚ್ಚಲಿಲ್ಲ.

ಮೂರನೆಯ ರಾತ್ರಿ ಪಕ್ಕದ ಮನೆಯವರು ಬಾಗಿಲಿಗೆ ಬಂದರು. ಅವರ ವೃದ್ಧ ತಾಯಿ ಆಸ್ಪತ್ರೆಯಿಂದ ಮನೆಗೆ ಬಂದು ಇನ್ನೂ ವಾರವಾಗಿರಲಿಲ್ಲ. “ರಾಯರೇ, ನಿಮ್ಮ ಕಾರು ಕಳುವಾಗದಿರಲಿ ಎಂದು ನಮ್ಮ ಮನೆಯ ನಿದ್ರೆ ಕಳುವಾಗುತ್ತಿದೆ” ಎಂದರು. ಕೋಪದಿಂದ ಅಲ್ಲ, ಆಯಾಸದಿಂದ. ಕೋಪಿಸಿಕೊಂಡಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಆ ನಾಚಿಕೆಯಲ್ಲಿ ನಾನು ಮಾಡಿದ ಮೊದಲ ತಪ್ಪನ್ನು ಹೇಳುತ್ತೇನೆ. ನೇರವಾಗಿ ಬಾನೆಟ್ಟು ತೆರೆದು ಬ್ಯಾಟರಿಯ ತಂತಿಯನ್ನೇ ಕಳಚಿದೆ. ಸದ್ದು ನಿಲ್ಲುವುದರ ಬದಲು ಮತ್ತೂ ಮುಂದುವರಿಯಿತು! ಕಾರಣ ಸರಳ. ಕೆಲವು ಸೈರನ್ನುಗಳ ಹೊಟ್ಟೆಯಲ್ಲಿಯೇ ಒಂದು ಚಿಕ್ಕ ಬ್ಯಾಟರಿ ಇರುತ್ತದೆ. ತಂತಿ ಕಳಚಿದವನು ಕಳ್ಳನೆಂದೇ ಅದರ ತೀರ್ಮಾನ. ಅಂಥ ಸೈರನ್ನಿಗೆ ಸಾಮಾನ್ಯವಾಗಿ ಪುಟ್ಟ ಬೀಗದ ಕೈಯೊಂದು ಇರುತ್ತದೆ. ಅದರಿಂದ ಸೈರನ್ನನ್ನು ಮೊದಲು ನಿಲ್ಲಿಸಿ, ಆಮೇಲೆ ಬ್ಯಾಟರಿಯನ್ನು ಮುಟ್ಟಬೇಕು. ಆ ಕೈ ಎಲ್ಲಿದೆ ಎಂಬುದನ್ನು ತಾವು ಇಂದೇ ಹುಡುಕಿಡಿ. ನನ್ನದು ಸಿಕ್ಕಲಿಲ್ಲ. ತಂತಿಯನ್ನು ಮತ್ತೆ ಸಿಕ್ಕಿಸಿ, ರಿಮೋಟನ್ನು ಹಲವು ಸಲ ಒತ್ತಿದ ಮೇಲೆ ಅದು ಸುಮ್ಮನಾಯಿತು.

ಎರಡನೆಯ ತಪ್ಪು ಮರುದಿನದ್ದು. ದೊಡ್ಡ ಬೀದಿಯ ಲಾರಿಗಳ ಅದುರಾಟದಿಂದಲೇ ಹೀಗಾಗುತ್ತಿದೆ ಎಂದು ಊಹಿಸಿ, ಅದುರುವಿಕೆಯನ್ನು ಗುರುತಿಸುವ ಸೆನ್ಸರಿನ ತಿರುಪನ್ನು ಪೂರ್ತಿ ತಗ್ಗಿಸಿಬಿಟ್ಟೆ. ಆ ರಾತ್ರಿಯೂ ಕಾರು ಕೂಗಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕಥೆ ಇದೇ.

ಕೊನೆಗೆ ಕಾರಿನ ವಿದ್ಯುತ್ ಕೆಲಸ ಬಲ್ಲ ಮೇಸ್ತ್ರಿಯೊಬ್ಬರು ಬಂದರು. ಅವರು ಯಾವುದನ್ನೂ ಊಹಿಸಲಿಲ್ಲ, ಒಂದೊಂದಾಗಿ ನೋಡಿದರು. ಆ ಕ್ರಮವನ್ನು ತಾವೂ ಅನುಸರಿಸಬಹುದು.

ಮೊದಲು ಬ್ಯಾಟರಿ. ಕಾರು ಕೆಲವು ಗಂಟೆ ನಿಂತಿದ್ದ ಮೇಲೆ ಅಳೆದರೆ, ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟು ತೋರಿಸಬೇಕು. 12ಕ್ಕೆ ಇಳಿದಿದ್ದರೆ ಅದು ಬಹುಮಟ್ಟಿಗೆ ಬರಿದಾಗಿದೆ ಎಂದೇ ಅರ್ಥ. ಕೆಲವು ಅಲಾರಂಗಳು ವೋಲ್ಟು ಕುಸಿದರೆ, ಯಾರೋ ಬಾಗಿಲು ತೆಗೆದು ಒಳಗಿನ ದೀಪ ಹತ್ತಿತು ಎಂದು ಭ್ರಮಿಸುತ್ತವೆ. ತಂಪಾದ ರಾತ್ರಿಯಲ್ಲಿ ಬಡ ಬ್ಯಾಟರಿ ಇನ್ನೂ ಸೊರಗುವುದರಿಂದ, ಹಗಲು ಸುಮ್ಮನಿದ್ದ ಕಾರು ಇರುಳು ಕೂಗುವುದುಂಟು. ನನ್ನ ಬ್ಯಾಟರಿ ಆರೋಗ್ಯವಾಗಿತ್ತು.

ಎರಡನೆಯದು ಬಾಗಿಲುಗಳ ಮತ್ತು ಬಾನೆಟ್ಟಿನ ಸ್ವಿಚ್ಚುಗಳು. ಬಾನೆಟ್ಟಿನ ಕೆಳಗೆ ಬೆರಳಿನಷ್ಟು ದಪ್ಪದ ಗುಂಡಿಯೊಂದಿರುತ್ತದೆ. ಮುಚ್ಚಿದಾಗ ಅದು ಒತ್ತಿಕೊಂಡಿರುತ್ತದೆ. ತೆರೆದರೆ ಮೇಲೇಳುತ್ತದೆ, ಅಲಾರಂ ಕೂಗುತ್ತದೆ. ಮಳೆಯ ನೀರು, ಧೂಳು, ತುಕ್ಕು, ಎಲ್ಲವೂ ಸೇರುವ ಜಾಗ ಅದು. ಮೇಸ್ತ್ರಿಗಳು ಅದರ ತಂತಿಯನ್ನು ಬಿಡಿಸಿ, ತುದಿಗೆ ಟೇಪು ಸುತ್ತಿ, “ಈ ರಾತ್ರಿ ಹೀಗೇ ಬಿಡಿ. ಕೂಗದಿದ್ದರೆ ಕಳ್ಳ ಇವನೇ” ಎಂದು ಹೊರಟರು. ಆ ರಾತ್ರಿ ಕಾರು ಕೂಗಲಿಲ್ಲ. ಮರುದಿನ ತುಕ್ಕು ಹಿಡಿದ ಸ್ವಿಚ್ಚನ್ನು ಬದಲಾಯಿಸಿ, ಬಾನೆಟ್ಟು ಅದನ್ನು ಸರಿಯಾಗಿ ಒತ್ತುವಂತೆ ಎತ್ತರ ಹೊಂದಿಸಿ, ಸೆನ್ಸರಿನ ತಿರುಪನ್ನು ಮತ್ತೆ ಹದಕ್ಕೆ ತಂದರು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬುದು ಅವರಿಂದ ನಾನು ಕಲಿತ ಪಾಠ.

ಅಲಾರಂ ಬೇಡವೇ ಬೇಡ, ಕತ್ತರಿಸಿ ಬಿಸಾಡೋಣ ಎಂದು ಕೆಲವರಿಗೆ ಅನಿಸಬಹುದು. ದಯವಿಟ್ಟು ಅವಸರ ಬೇಡ. ಆಮೇಲೆ ಹಾಕಿಸಿದ ಅನೇಕ ಅಲಾರಂಗಳಲ್ಲಿ, ಎಂಜಿನ್ನು ಹೊತ್ತದಂತೆ ತಡೆಯುವ ರಿಲೇ ಒಂದನ್ನು ಕಾರಿನ ಮೂಲ ತಂತಿಯನ್ನು ಕತ್ತರಿಸಿಯೇ ಸೇರಿಸಿರುತ್ತಾರೆ. ಅಲಾರಂ ತೆಗೆದವರು ಆ ತಂತಿಯನ್ನು ಮತ್ತೆ ಭದ್ರವಾಗಿ ಬೆಸೆಯಬೇಕು. ಬರಿದೆ ತಿರುಚಿ ಟೇಪು ಸುತ್ತಿದರೆ, ಕಾರು ಒಂದು ದಿನ ನಡುರಸ್ತೆಯಲ್ಲಿ ನಿಂತೀತು. ಇದು ಬಲ್ಲವರ ಕೈಯ ಕೆಲಸ. ಬ್ಯಾಟರಿ ಕಳಚಬೇಕಾದಾಗಲೂ ಕೈಯ ಉಂಗುರ ತೆಗೆದಿಟ್ಟು, ಋಣ ತಂತಿಯನ್ನು ಮೊದಲು ಬಿಡಿಸಿ. ಜೋಡಿಸುವಾಗ ಅದನ್ನೇ ಕೊನೆಗೆ ಸೇರಿಸಿ.

ಇಷ್ಟು ಶ್ರಮವೇಕೆ ಎಂದೀರಿ. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳಂತೆ, ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಇರಬೇಕಾದ ಶಬ್ದದ ಮಿತಿ 45 ಡೆಸಿಬೆಲ್. ಹತ್ತಿರದಲ್ಲಿ ಅಳೆದರೆ ಸೈರನ್ನಿನ ಸದ್ದು ನೂರನ್ನೂ ಮೀರುತ್ತದೆ. ನಿಯಮಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ‘ತೋಳ ಬಂತು’ ಎಂದು ದಿನವೂ ಕೂಗಿದ ಹುಡುಗನ ಗತಿ ನಮಗೆ ಗೊತ್ತು. ಸುಳ್ಳು ಕೂಗುವ ಅಲಾರಂ, ನಿಜವಾಗಿ ಕಳ್ಳ ಬಂದ ದಿನ ಯಾರನ್ನೂ ಎಬ್ಬಿಸುವುದಿಲ್ಲ. ಕಾರನ್ನು ಕಾಯುವವರು ನಿಜವಾಗಿಯೂ ನೆರೆಹೊರೆಯವರೇ. ಅವರ ಸೈರಣೆ ಮುಗಿದರೆ ಸೈರನ್ನಿಗೆ ಬೆಲೆಯಿಲ್ಲ.

ಕೆಲಸ ಮುಗಿದ ಮೇಲೆ ಪಕ್ಕದ ಮನೆಗೆ ಕ್ಷಮೆ ಕೇಳಲು ಹೋದೆ. ಆ ತಾಯಿ ಮಂಚದ ಮೇಲೆ ಎದ್ದು ಕುಳಿತಿದ್ದರು. “ಎರಡು ದಿನದಿಂದ ನಿನ್ನ ಗಾಡಿಯ ಸದ್ದೇ ಇಲ್ಲವಲ್ಲಪ್ಪ, ಅದು ಚೆನ್ನಾಗಿದೆಯೆ?” ಎಂದು ವಿಚಾರಿಸಿದರು. ಚೆನ್ನಾಗಿದೆ ಎಂದೆ. ತಮ್ಮ ಬೀದಿಯ ಕಾರೂ ಬೇಗ ಚೆನ್ನಾಗಲಿ.