ಬಾಡಿಗೆಯ ಗಾಡಿಯೂ ಪೌರಸಭೆಯ ಹೊಣೆಯೂ
(ನಾಗರಿಕರ ಸಭೆಯಲ್ಲಿ ಮಾಡಿದ ಭಾಷಣ)



ಟಾಕ್ಸಿಯ ವಿಷಯವಾಗಿಯೂ ಒಂದು ಭಾಷಣವೇ ಎಂದು ತಮ್ಮಲ್ಲಿ ಕೆಲವರು ಮನಸ್ಸಿನಲ್ಲಿಯೇ ನಕ್ಕಿರಬಹುದು. ಆದರೆ ರಾತ್ರಿ ಹನ್ನೊಂದು ಗಂಟೆಗೆ ರೈಲುನಿಲ್ದಾಣದ ಮುಂದೆ ತನ್ನ ಮಗಳನ್ನು ಅಪರಿಚಿತನೊಬ್ಬನ ಗಾಡಿಯಲ್ಲಿ ಕೂಡ್ರಿಸಿ ಕಳಿಸುವ ತಂದೆಯು ಯಾವ ನಂಬಿಗೆಯ ಮೇಲೆ ಕಳಿಸುತ್ತಾನೆಂಬುದನ್ನು ತಾವು ವಿಚಾರಿಸಿರುವಿರಾ? ಆ ಚಾಲಕನ ಕುಲಗೋತ್ರಗಳನ್ನು ಅವನು ಅರಿಯನು. ಚಾಲಕನ ಎದೆಯ ಮೇಲಿನ ಬಿಲ್ಲೆಯನ್ನು ಮಾತ್ರ ಅವನು ನಂಬಿರುತ್ತಾನೆ. ಆ ಬಿಲ್ಲೆಯನ್ನು ಯಾರು ಕೊಟ್ಟರು, ಏನನ್ನು ನೋಡಿ ಕೊಟ್ಟರು, ಎಷ್ಟು ಹಣ ತೆಗೆದುಕೊಂಡು ಕೊಟ್ಟರು, ಇಷ್ಟೇ ನಮ್ಮ ಇಂದಿನ ವಿಷಯವು.

ಇದಕ್ಕಾಗಿ ನಾವು ಇಂಗ್ಲಂಡದ ಉದಾಹರಣೆಯನ್ನು ತೆಗೆದುಕೊಳ್ಳುವೆವು. ಪರದೇಶದ ಮೋಹದಿಂದಲ್ಲ, ಈ ಅಧಿಕಾರವು ಅಲ್ಲಿ ಇನ್ನೂ ಊರಿನ ಪೌರಸಭೆಯ ಕೈಯಲ್ಲಿಯೇ ಉಳಿದಿದೆಯೆಂಬ ಕಾರಣದಿಂದ. ನಮ್ಮ ದೇಶದಲ್ಲಿಯೂ ಒಮ್ಮೆ ಹಾಗೆಯೇ ಇತ್ತು. 1879ರ ಬಾಡಿಗೆ ಗಾಡಿಗಳ ಕಾಯದೆಯು ಕೆಲವು ಊರುಗಳ ಮ್ಯುನಿಸಿಪಾಲಿಟಿಗಳಿಗೆ ಈ ಗಾಡಿಗಳ ಬಗ್ಗೆ ನಿಯಮ ಮಾಡುವ ಅಧಿಕಾರವನ್ನು ಕೊಟ್ಟಿತ್ತು. ಮೋಟಾರು ಬಂದಿತು, ಕುದುರೆ ಹಿಂದೆ ಸರಿಯಿತು, ಅದರೊಡನೆ ಮ್ಯುನಿಸಿಪಾಲಿಟಿಯೂ ಹಿಂದೆ ಸರಿಯಿತು. 1939ರ ಮೋಟಾರು ಕಾಯದೆಯು ಪ್ರಾಂತದ ಹಾಗೂ ವಿಭಾಗದ ಸಾರಿಗೆ ಅಧಿಕಾರ ಮಂಡಲಗಳನ್ನು ಸ್ಥಾಪಿಸಿತು. 1988ರ ಕಾಯದೆಯೂ ಅದೇ ಹಾದಿಯನ್ನು ಹಿಡಿಯಿತು. ಪರವಾನಿಗೆಯನ್ನು ಸಾರಿಗೆ ಅಧಿಕಾರಿಗಳು ಕೊಡುವರು. ದರವನ್ನು ರಾಜ್ಯ ಸರಕಾರವು ಗೊತ್ತುಮಾಡುವದು. ಗಾಡಿಗಳು ಎಲ್ಲಿ ನಿಲ್ಲಬೇಕೆಂಬ ಒಂದು ವಿಷಯದಲ್ಲಿ ಸ್ಥಳೀಯ ಸಂಸ್ಥೆಯ ಅಭಿಪ್ರಾಯವನ್ನು ಕೇಳಬೇಕೆಂದಿದೆ. ಆದ್ದರಿಂದ ಊರಿನವರೇ ತಮ್ಮ ಊರಿನ ಚಾಲಕನನ್ನು ಪರೀಕ್ಷಿಸಿದರೆ ಏನಾದೀತೆಂಬುದನ್ನು ನೋಡಬೇಕಾದರೆ ಬೇರೆ ಕಡೆಗೆ ಕಣ್ಣು ಹಾಯಿಸಲೇಬೇಕು.

ಇಂಗ್ಲಂಡದಲ್ಲಿ, ಲಂಡನ್ನು ಮತ್ತು ಪ್ಲಿಮತ್ತು ನಗರಗಳನ್ನು ಬಿಟ್ಟು, ಈ ವ್ಯವಸ್ಥೆಯ ಬುಡದಲ್ಲಿ ಎರಡು ಕಾಯದೆಗಳಿರುವವು. ಮೊದಲನೆಯದು 1847ರದು, ಕುದುರೆಗಾಡಿಗಳ ಕಾಲದ ಆ ಕಾಯದೆಯು ಇಂದಿಗೂ ಜೀವಂತವಾಗಿದೆ. ಎರಡನೆಯದು 1976ರದು. ಬೀದಿಯಲ್ಲಿ ಕೈಮಾಡಿ ನಿಲ್ಲಿಸಬಹುದಾದ, ಸ್ಟ್ಯಾಂಡಿನಲ್ಲಿ ನಿಲ್ಲುವ ಗಾಡಿಯೊಂದು ಬಗೆ. ಮೊದಲೇ ಗೊತ್ತುಮಾಡಿ ಕರೆಸಿಕೊಳ್ಳಬೇಕಾದ ಖಾಸಗಿ ಬಾಡಿಗೆಯ ಗಾಡಿಯು ಇನ್ನೊಂದು ಬಗೆ. ಮೊದಲನೆಯದಕ್ಕೆ ಪೌರಸಭೆಯು ದರವನ್ನು ಕಟ್ಟಬಹುದು, ಎರಡನೆಯದಕ್ಕೆ ಕಟ್ಟಲಾಗದು. ಆದರೆ ಎರಡನೆಯ ಬಗೆಯಲ್ಲಿ ಚಾಲಕನಿಗೊಂದು, ಗಾಡಿಗೊಂದು, ಗಾಡಿಯನ್ನು ಗೊತ್ತುಮಾಡಿಕೊಡುವ ಯಜಮಾನನಿಗೊಂದು, ಹೀಗೆ ಮೂರು ಪರವಾನಿಗೆಗಳಿರಬೇಕು. ಮೂರೂ ಒಂದೇ ಪೌರಸಭೆಯವಾಗಿರಬೇಕು. ಈ ಕೊನೆಯ ಮಾತನ್ನು ತಾವು ನೆನಪಿನಲ್ಲಿಡಬೇಕು; ಮುಂದೆ ಅದರ ಪ್ರಸಂಗ ಬರುವದು.

ಚಾಲಕನು ‘ಯೋಗ್ಯನೂ ಉಚಿತನೂ’ ಆದ ವ್ಯಕ್ತಿಯೆಂದು ಪೌರಸಭೆಗೆ ಮನವರಿಕೆಯಾದ ಹೊರತು ಪರವಾನಿಗೆಯನ್ನು ಕೊಡಕೂಡದೆಂದು ಕಾಯದೆಯು ಹೇಳುತ್ತದೆ. ಯೋಗ್ಯತೆಯೆಂದರೇನು? ಅದನ್ನು ಕಾಯದೆಯು ಬಿಡಿಸಿ ಹೇಳಿಲ್ಲ; ಅದನ್ನು ಅಳೆಯುವ ಕೆಲಸವು ಊರಿನ ಪ್ರತಿನಿಧಿಗಳ ಪಾಲಿಗೆ ಬಂದಿದೆ. ನಿರಾಕರಣೆಗೊಳಗಾದವನು ಮ್ಯಾಜಿಸ್ಟ್ರೇಟರ ಕೋರ್ಟಿಗೆ ಅಪೀಲು ಮಾಡಬಹುದು.

ಶಿಕ್ಷಣದ ವಿಷಯಕ್ಕೆ ಬಂದರೆ ಲಂಡನ್ನಿನ ಮಾತನ್ನು ಆಡದೆ ಇರಲಾಗದು. ಅಲ್ಲಿ ಬೇರೆ ಕಾಯದೆಯುಂಟು; ಬಹುಕಾಲ ಪೋಲೀಸರ ಕೈಯಲ್ಲಿದ್ದ ಈ ಅಧಿಕಾರವು 2000ನೆಯ ಇಸವಿಯಲ್ಲಿ ನಗರದ ಸಾರಿಗೆ ಸಂಸ್ಥೆಗೆ ಬಂದಿತು. ಅಲ್ಲಿಯ ಕರಿಯ ಟಾಕ್ಸಿಯ ಚಾಲಕನಾಗಬಯಸುವವನು ‘ನಾಲೆಜ್’, ಅಂದರೆ ‘ಜ್ಞಾನ’ ಎಂದೇ ಹೆಸರಾದ ಪರೀಕ್ಷೆಯನ್ನು ದಾಟಬೇಕು. 1865ರಿಂದ ನಡೆದುಬಂದ ಪದ್ಧತಿಯಿದು. ಚೇರಿಂಗ್ ಕ್ರಾಸಿನಿಂದ ಆರು ಮೈಲುಗಳ ಸುತ್ತಿನೊಳಗಿನ ಸುಮಾರು 25,000 ಬೀದಿಗಳನ್ನು, 320 ಮಾರ್ಗಗಳನ್ನು, ದಾರಿಯಲ್ಲಿ ಬರುವ ಆಸ್ಪತ್ರೆ, ನಾಟಕಗೃಹ, ಕೋರ್ಟು, ಹೊಟೇಲುಗಳನ್ನು ಬಾಯಿಪಾಠವಾಗಿ ಅರಿತಿರಬೇಕು. ಮ್ಯಾನರ್ ಹೌಸ್ ನಿಲ್ದಾಣದಿಂದ ಗಿಬ್ಸನ್ ಸ್ಕ್ವೇರಿನ ವರೆಗಿನದು ಮೊದಲನೆಯ ಪಾಠ. ಮಳೆ ಚಳಿಗಳೆನ್ನದೆ ಸಣ್ಣ ಮೋಟಾರುಸೈಕಲ್ಲಿನ ಮುಂದೆ ನಕಾಶೆಯ ಹಲಗೆಯನ್ನು ಕಟ್ಟಿಕೊಂಡು ಅಭ್ಯಾಸಿಗಳು ಬೀದಿ ಬೀದಿ ಅಲೆಯುವರು. ಪರೀಕ್ಷಕನ ಮುಂದೆ ಒಬ್ಬನೇ ಕುಳಿತು, ಈ ಬಾಗಿಲಿನಿಂದ ಆ ಬಾಗಿಲಿಗೆ ಹೇಗೆ ಹೋಗುವೆಯೆಂದರೆ ತಿರುವು ತಿರುವಿನ ಹೆಸರನ್ನು ಹೇಳಬೇಕು. ಮೊದಲು 56 ದಿನಗಳಿಗೊಮ್ಮೆ, ಪಳಗಿದ ಹಾಗೆ 28 ದಿನಗಳಿಗೊಮ್ಮೆ, ಕೊನೆಗೆ 21 ದಿನಗಳಿಗೊಮ್ಮೆ ಕರೆ ಬರುವದು. ಮೂರು ನಾಲ್ಕು ವರುಷಗಳು ಇದರಲ್ಲಿಯೇ ಕಳೆಯುವವು. ನಮ್ಮ ವೇದಪಾಠಶಾಲೆಗಳ ನೆನಪು ಯಾರಿಗಾದರೂ ಬಂದರೆ ಆಶ್ಚರ್ಯವಿಲ್ಲ! ಈ ಅಭ್ಯಾಸವು ಮನುಷ್ಯನ ಮಿದುಳನ್ನೇ ಬದಲಿಸುತ್ತದೆಂದು ಎಲಿನರ್ ಮಗ್ವಾಯರ್ ಎಂಬ ವಿದುಷಿಯು ತನ್ನ ಸಂಗಡಿಗರೊಡನೆ ತೋರಿಸಿಕೊಟ್ಟಳು. ಆಕೆಯು 2011ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ 79 ಜನ ಅಭ್ಯಾಸಿಗಳಿದ್ದರು. ತೇರ್ಗಡೆಯಾದವರು 39 ಜನ. ದಾರಿಯ ನೆನಪನ್ನು ಕಾಯುವ ಮಿದುಳಿನ ಭಾಗವು ಬೆಳೆದದ್ದು ಆ ತೇರ್ಗಡೆಯಾದವರಲ್ಲಿ ಮಾತ್ರ ಕಂಡುಬಂದಿತು.

ಉಳಿದ ಊರುಗಳ ಪರೀಕ್ಷೆಗಳು ಇಷ್ಟು ಘೋರವಾದವುಗಳಲ್ಲ. ಊರಿನ ದಾರಿಗಳ ಅರಿವು, ಇಂಗ್ಲಿಷು ಮಾತು, ದೇಹಾರೋಗ್ಯ, ಹಿಂದಿನ ಅಪರಾಧಗಳ ತಪಾಸಣೆ, ಅಂಗವಿಕಲರನ್ನು ಹತ್ತಿಸಿಕೊಳ್ಳುವ ರೀತಿ, ಇವು ಸಾಮಾನ್ಯವಾದವುಗಳು. ಆದರೆ ದಾರಿಯನ್ನು ಬಲ್ಲವನು ಸಚ್ಚರಿತನೇ ಆಗಿರುವನೆಂದು ಯಾವ ಪರೀಕ್ಷೆಯೂ ಹೇಳಲಾರದು. ರಾದರಹ್ಯಾಮ್ ಎಂಬ ಊರು ಇದನ್ನು ಬಹಳ ಕಹಿಯಾಗಿ ಕಲಿಯಿತು. 1997ರಿಂದ 2013ರ ವರೆಗೆ ಅಲ್ಲಿ ಸುಮಾರು 1,400 ಮಕ್ಕಳು ದುಷ್ಟರ ಬಾಯಿಗೆ ತುತ್ತಾದರೆಂದು 2014ರ ಆಗಸ್ಟಿನಲ್ಲಿ ಅಲೆಕ್ಸಿಸ್ ಜೇ ಎಂಬವರ ವರದಿಯು ಅಂದಾಜು ಮಾಡಿತು. ಆ ದುಷ್ಕೃತ್ಯಗಳಲ್ಲಿ ಕೆಲವು ಟಾಕ್ಸಿ ಚಾಲಕರ ಕೈಯಿದ್ದಿತೆಂಬುದನ್ನೂ ಹೇಳಿತು. 2015ರ ಫೆಬ್ರುವರಿಯಲ್ಲಿ ಲೂಯಿಸ್ ಕೇಸಿಯವರು ಪೌರಸಭೆಯನ್ನೇ ಪರೀಕ್ಷಿಸಿ, ಪರವಾನಿಗೆಯ ಇಲಾಖೆಯೂ ತನ್ನ ಕರ್ತವ್ಯದಲ್ಲಿ ತಪ್ಪಿತೆಂದು ಬರೆದರು. ಸರಕಾರವು ಕಮಿಶನರರನ್ನು ಕಳಿಸಿ ಆ ಅಧಿಕಾರವನ್ನು ಊರಿನ ಪ್ರತಿನಿಧಿಗಳಿಂದ ಕಸಿದುಕೊಂಡಿತು. ಸ್ಥಳೀಯ ಸ್ವರಾಜ್ಯವನ್ನು ಪ್ರೀತಿಸುವ ನಮಗೆ ಇದನ್ನು ಓದುವಾಗ ತಲೆ ತಗ್ಗಿಸುವಂತಾಗುತ್ತದೆ. ಊರಿನವರಿಗೆ ಊರಿನ ಅರಿವಿದೆಯೆಂಬುದು ನಿಜ. ಆದರೆ ಅರಿತೂ ಅರಿಯದವರಂತಿರುವ ದಾಕ್ಷಿಣ್ಯವೂ ಊರಿನವರಿಗೇ ಹೆಚ್ಚು. ಪ್ರಾಮಾಣಿಕವಾಗಿ ದುಡಿಯುತ್ತಿದ್ದ ನೂರಾರು ಚಾಲಕರ ಮೇಲೆಯೂ ಆ ಕಲಂಕವು ಹಬ್ಬಿದ್ದನ್ನು ಮರೆಯಲಾಗದು. ಆಮೇಲೆ ಅಲ್ಲಿ ಗಾಡಿಯೊಳಗೆ ಕ್ಯಾಮರಾ ಇರಬೇಕು, ಮಕ್ಕಳ ರಕ್ಷಣೆಯ ಪಾಠವನ್ನು ಚಾಲಕನು ಕಲಿತಿರಬೇಕು ಎಂದು ಬಿಗಿಯಾದ ನಿಯಮಗಳು ಬಂದವು.

ಇನ್ನು ಶುಲ್ಕ. ಪೌರಸಭೆಗಳಿಗೆ ಯಾವಾಗಲೂ ಹಣದ ಮುಗ್ಗಟ್ಟು. ಪರವಾನಿಗೆಯ ಶುಲ್ಕವನ್ನು ಏರಿಸಿ ಬೊಕ್ಕಸವನ್ನು ತುಂಬುವ ಆಶೆಯು ಸಹಜವಾದದ್ದು. 1976ರ ಕಾಯದೆಯು ಇದಕ್ಕೆ ಕಡಿವಾಣ ಹಾಕಿದೆ. ಪರವಾನಿಗೆ ಕೊಡುವ ಹಾಗೂ ಅದರ ಆಡಳಿತವನ್ನು ನಡೆಸುವ ವೆಚ್ಚದಷ್ಟನ್ನೇ ವಸೂಲು ಮಾಡಬಹುದು, ಲಾಭವನ್ನಲ್ಲ. ಗಾಡಿಯ ಶುಲ್ಕವನ್ನು ಗೊತ್ತಾದ ಮಿತಿಗಿಂತ ಏರಿಸಬೇಕಾದರೆ ಸ್ಥಳೀಯ ವೃತ್ತಪತ್ರದಲ್ಲಿ ಪ್ರಕಟಿಸಿ, 28 ದಿನಗಳ ವರೆಗೆ ತಕರಾರುಗಳಿಗೆ ಕಾಯಬೇಕು. ಇಷ್ಟಾದರೂ ವ್ಯಾಜ್ಯಗಳು ತಪ್ಪಿಲ್ಲ. ವೇಕ್‌ಫೀಲ್ಡ್ ಎಂಬ ಊರಿನ ಪೌರಸಭೆಯು ಚಾಲಕರ ನಡತೆಯ ಮೇಲೆ ಕಣ್ಣಿಡುವ ವೆಚ್ಚವನ್ನು ಗಾಡಿಯ ಶುಲ್ಕದಲ್ಲಿ ಸೇರಿಸಿತು. ಚಾಲಕರು ಕೋರ್ಟಿಗೆ ಹೋದರು. ಆ ವೆಚ್ಚವನ್ನು ಚಾಲಕನ ಪರವಾನಿಗೆಯ ಶುಲ್ಕದಲ್ಲಿ ಪಡೆಯಬಹುದು, ಗಾಡಿಯ ಶುಲ್ಕದಲ್ಲಿ ಪಡೆಯಲಾಗದು ಎಂದು 2019ರಲ್ಲಿ ಅಪೀಲು ಕೋರ್ಟು ತೀರ್ಪಿತ್ತಿತು. ಇದು ಕೇವಲ ಕಾರಕೂನರ ಲೆಕ್ಕದ ಜಗಳವೆಂದು ತೋರಬಹುದು. ಆದರೆ ಗಾಡಿಯೊಂದನ್ನೇ ನಂಬಿ ಬದುಕುವವನಿಗೆ ತಾನು ಕೊಡುವ ದುಡ್ಡು ಏತಕ್ಕೆಂದು ಕೇಳುವ ಹಕ್ಕು ಇದ್ದೇ ಇದೆ.

ಶುಲ್ಕವೂ ಪರೀಕ್ಷೆಯೂ ಊರಿಗೊಂದು ಬಗೆಯಾದರೆ ಏನಾಗುವದು? ಬರ್ವಿಕ್ ಎಂಬ ಚಿಕ್ಕ ಗಡಿಯೂರು ಸ್ಕಾಟ್ಲಂಡದ ಎಲ್ಲೆಗೆ ಅಂಟಿಕೊಂಡಿದೆ. ಅಲ್ಲಿಯ ಪೌರಸಭೆಯು ತನ್ನ ಊರಿಗೆ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ಗಾಡಿಗಳಿಗೆ ಪರವಾನಿಗೆ ಕೊಡುತ್ತ ಹೋಯಿತು. ಆ ಗಾಡಿಗಳು ಸುಮಾರು 60 ಮೈಲು ದೂರದ ನ್ಯೂಕ್ಯಾಸಲ್ಲಿನ ಕಡೆಗೆ ಹೋಗಿ ದುಡಿಯತೊಡಗಿದವು. ನ್ಯೂಕ್ಯಾಸಲ್ಲು ಕೋರ್ಟಿನ ಮೆಟ್ಟಿಲನ್ನೇರಿತು. ಗಾಡಿಯು ಎಲ್ಲಿ ಓಡಲಿದೆಯೆಂಬುದನ್ನು ಪರವಾನಿಗೆ ಕೊಡುವವರು ವಿಚಾರಿಸಬೇಕೆಂದು 2008ರಲ್ಲಿ ಹೈಕೋರ್ಟು ಹೇಳಿತು. ಆದರೆ ಆ ಮಾತು ಸ್ಟ್ಯಾಂಡಿನ ಗಾಡಿಗಳಿಗೆ ಸಂಬಂಧಿಸಿದ್ದು. ಖಾಸಗಿ ಬಾಡಿಗೆಯ ಬಾಗಿಲು ತೆರೆದೇ ಉಳಿಯಿತು. ಮೂರು ಪರವಾನಿಗೆಗಳು ಒಂದೇ ಪೌರಸಭೆಯವಾಗಿದ್ದರೆ ಸಾಕೆಂದು ಆಗ ಹೇಳಿದೆವಷ್ಟೆ. ಗಾಡಿಯು ಆ ಊರಿನಲ್ಲಿಯೇ ಓಡಬೇಕೆಂದು ಕಾಯದೆಯಲ್ಲಿರಲಿಲ್ಲ! ಒಂದು ಊರಿನ ಯಜಮಾನನು ತನಗೆ ಬಂದ ಬಾಡಿಗೆಯನ್ನು ಬೇರೆ ಊರಿನ ಯಜಮಾನನಿಗೆ ವಹಿಸಬಹುದೆಂದು 2015ರ ತಿದ್ದುಪಡಿಯು ಹಾದಿಯನ್ನು ಇನ್ನೂ ಸುಗಮ ಮಾಡಿತು. ವುಲ್ವರಹ್ಯಾಂಪ್ಟನ್ ಎಂಬ ನಗರದ ಪರವಾನಿಗೆಯು ಬೇಗನೆ ಸಿಗುವದು, ಅಗ್ಗವಾಗಿಯೂ ಇರುವದು. ಹತ್ತಾರು ಸಾವಿರ ಚಾಲಕರು ಅದನ್ನೇ ಪಡೆದು ದೂರದೂರದ ಊರುಗಳಲ್ಲಿ ದುಡಿಯಹತ್ತಿದರು. ಬೇರೆ ಊರಿನವನೆಂಬ ಕಾರಣಕ್ಕೆ ಅರ್ಜಿಯನ್ನು ತಿರಸ್ಕರಿಸಲು ಕಾಯದೆಯಲ್ಲಿ ಆಸ್ಪದವಿಲ್ಲವೆಂದು ಆ ನಗರಸಭೆಯು ಹೇಳಿತು. ಆ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆವು. ಬಡ ಚಾಲಕನನ್ನೂ ನಾವು ಬಯ್ಯಲಾರೆವು; ಅಗ್ಗದ ಅಂಗಡಿಗೆ ಯಾರು ಹೋಗರು? ಆದರೆ ಇದರ ಪರಿಣಾಮವನ್ನು ನೋಡಿರಿ. ರಾದರಹ್ಯಾಮಿನವರು ಅಷ್ಟು ನೊಂದು ಮಾಡಿಕೊಂಡ ಕ್ಯಾಮರಾದ ನಿಯಮವು ರಾದರಹ್ಯಾಮಿನ ಬಿಲ್ಲೆಯಿದ್ದ ಗಾಡಿಗೆ ಮಾತ್ರ. ಪಕ್ಕದಲ್ಲಿಯೇ, ಅದೇ ಬೀದಿಯಲ್ಲಿ, ಬೇರೆ ಊರಿನ ಬಿಲ್ಲೆಯ ಗಾಡಿಯು ಕ್ಯಾಮರಾ ಇಲ್ಲದೆ ಓಡಲು ಯಾವ ಅಡ್ಡಿಯೂ ಇರಲಿಲ್ಲ.

2020ರ ಜುಲೈಯಲ್ಲಿ ಸರಕಾರವು ಎಲ್ಲ ಪೌರಸಭೆಗಳಿಗೂ ಸಮಾನವಾದ ಸೂಚನೆಗಳನ್ನು ಹೊರಡಿಸಿತು. ಒಂದು ಊರಿನಲ್ಲಿ ತಿರಸ್ಕೃತನಾದವನು ಇನ್ನೊಂದು ಊರಿನಲ್ಲಿ ಏನೂ ಆಗದವನಂತೆ ಅರ್ಜಿ ಹಾಕಬಾರದೆಂದು, ಇಂಗ್ಲಂಡದ ಪೌರಸಭೆಗಳೆಲ್ಲವೂ ಅಂಥವರ ಹೆಸರುಗಳನ್ನು ಒಂದೇ ಪಟ್ಟಿಯಲ್ಲಿ ಬರೆಯಿಸುವದು 2023ರಿಂದ ಕಡ್ಡಾಯವಾಯಿತು. ಇವು ಒಳ್ಳೆಯ ಕೆಲಸಗಳೇ. ಆದರೆ ಮೂಲದ ಪ್ರಶ್ನೆಗೆ ಉತ್ತರವು ಇದಕ್ಕೂ ಮೊದಲೇ ದೊರೆತಿತ್ತು. ಪ್ರಯಾಣದ ಆರಂಭವಾಗಲಿ ಕೊನೆಯಾಗಲಿ ಪರವಾನಿಗೆ ಕೊಟ್ಟ ಊರಿನ ಎಲ್ಲೆಯೊಳಗೆ ಇರಬೇಕೆಂದು, ಸರಕಾರವೇ ನೇಮಿಸಿದ ಮಂಡಳಿಯೊಂದು 2018ರಲ್ಲಿ ಶಿಫಾರಸು ಮಾಡಿತ್ತು. ಇಷ್ಟಾದರೆ ಚಾಲಕನು ಪರಊರಿಗೆ ಗಿರಾಕಿಯನ್ನು ಒಯ್ಯಬಹುದು, ಅಲ್ಲಿಂದ ತನ್ನ ಊರಿಗೆ ಕರೆತರಬಹುದು. ಪರಊರಿನಲ್ಲಿಯೇ ಠಾಣ್ಯ ಹೂಡಿ ಕೂಡಲಾರನು. ದೊಡ್ಡ ಊರುಗಳ ಸುತ್ತ ಎಲ್ಲೆಗಳು ಒಂದರೊಳಗೊಂದು ಹೆಣೆದುಕೊಂಡಿರುವದರಿಂದ ತೊಡಕುಗಳು ಬರುವವೆಂದು ಕೆಲವರು ತಕರಾರು ಮಾಡಿದರು. ವರುಷಗಳು ಉರುಳಿದವು. 2025ರ ಜೂನಿನಲ್ಲಿ ಅದೇ ಕೇಸಿಯವರು, ರಾದರಹ್ಯಾಮಿನ ವರದಿಯ ಹತ್ತು ವರುಷಗಳ ತರುವಾಯ, ದೇಶದ ಎಲ್ಲ ಊರುಗಳನ್ನೂ ಕುರಿತು ಇನ್ನೊಂದು ವರದಿಯನ್ನು ಬರೆಯಬೇಕಾಯಿತು. ಪರಊರಿನ ಬಿಲ್ಲೆಯ ಟಾಕ್ಸಿಗಳನ್ನು ಕೂಡಲೇ ತಡೆಯಬೇಕೆಂಬುದೂ ಅದರಲ್ಲಿಯ ಶಿಫಾರಸುಗಳಲ್ಲೊಂದಾಗಿದ್ದಿತು.